ರಕ್ತ ಕಂಡರೆ ಮೂಲವ್ಯಾಧಿ ಎಂದು ಸುಮ್ಮನಾಗದಿರಿ

ಮಲದಲ್ಲಿ ರಕ್ತ ಕಂಡೊಡನೆ ‘ಉಷ್ಣ ಜಾಸ್ತಿಯಾಗಿದೆ, ಮೂಲವ್ಯಾಧಿ ಇರಬೇಕು’ ಎಂದು ಔಷಧಿ ಅಂಗಡಿಯ ಮುಲಾಮು ಹಚ್ಚಿಕೊಂಡು ತಿಂಗಳುಗಟ್ಟಲೆ ಕಾಲ ತಳ್ಳುವುದು ಅಪಾಯಕಾರಿ. ಮೂಲವ್ಯಾಧಿಯಲ್ಲಿ ಸಾಮಾನ್ಯವಾಗಿ ಕೆಂಪು ರಕ್ತ ಮಲದ ಹೊರಮೈಗೆ ಅಂಟಿರುತ್ತದೆ ಅಥವಾ ಕೊನೆಯಲ್ಲಿ ತೊಟ್ಟಿಕ್ಕುತ್ತದೆ, ನಿಜ. ಆದರೆ ಗುದನಾಳದ ಕ್ಯಾನ್ಸರ್ ಗೆಡ್ಡೆಯಿಂದಲೂ ಹಾಗೆಯೇ ರಕ್ತ ಬರಬಹುದು. ವೈದ್ಯರು ಬೆರಳಿನಿಂದ ಗುದಪರೀಕ್ಷೆ, ಅಗತ್ಯವಿದ್ದರೆ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡಕರುಳನ್ನು ನೋಡುವ ಪರೀಕ್ಷೆ) ಮಾಡದೆ ವ್ಯತ್ಯಾಸ ತಿಳಿಯದು. ಮಲ ಡಾಂಬರಿನಂತೆ ಕಪ್ಪಾಗಿ, ಜಿಗುಟಾಗಿ, ದುರ್ವಾಸನೆಯಿಂದ ಕೂಡಿದ್ದರೆ ಜಠರದ ಹುಣ್ಣಿನಿಂದ ರಕ್ತ ಸೋರುತ್ತಿರಬಹುದು. ಮಂಡಿನೋವಿಗೆಂದು ದಿನವೂ ನೋವಿನ ಮಾತ್ರೆ ನುಂಗುವವರಲ್ಲಿ ಈ ಭಯ ಹೆಚ್ಚು. ಇಂಥ ಕಪ್ಪು ಮಲ ಕಂಡವರು ಯಾರೇ ಆದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. (ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಆ ಜಿಗುಟು ಇರುವುದಿಲ್ಲ.) ಮೂರು ವಾರ ಕಳೆದರೂ ಸರಿಹೋಗದ ಭೇದಿ ಅಥವಾ ಮಲಬದ್ಧತೆ, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ ಇವನ್ನೂ ‘ಗ್ಯಾಸ್’ ಎಂದು ತಳ್ಳಿಹಾಕಬಾರದು.

30 ವರ್ಷ ದಾಟಿದವರ ಮನೆಗೆ ಹೋಗಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ಲಕ್ಷಣಗಳನ್ನು ವಿಚಾರಿಸುವ ಆಶಾ ಕಾರ್ಯಕರ್ತೆಯರ ನಮೂನೆಗೆ ಆರೋಗ್ಯ ಇಲಾಖೆ ಇನ್ನೆರಡು ಪ್ರಶ್ನೆ ಸೇರಿಸಲಿ: ಮಲದಲ್ಲಿ ರಕ್ತ ಹೋಗುತ್ತಿದೆಯೇ? ಮಲವಿಸರ್ಜನೆಯ ರೂಢಿ ಬದಲಾಗಿದೆಯೇ?