ಆವತ್ತು ಸಭೆದಾಗ ಹೇಳ್ಲಾಕ ಆಗದ ಸಾಕ್ಷಿ

ಎಲ್ಲರಿಗೂ ಕರ್ತನ ನಾಮದಾಗ ವಂದನೆ ರೀ. ಹೋದ ಶುಕ್ರವಾರ ರಾತ್ರಿ ಊಟ ಆದ್ಮ್ಯಾಲ ನಮ್ಮ ಪೋರಿ ಕಡೀ ಗುಳಗಿ ನುಂಗಿದಳು. 2022ರ ಜುಲೈದಾಗ ಶುರು ಆದದ್ದು, ಬ್ಲಡ್ ಕ್ಯಾನ್ಸರ್, ಡಾಕ್ಟರ್‌ಗಳು ಎಎಲ್‌ಎಲ್ ಅಂತಾರ, ಎರಡೂವರಿ ವರ್ಷ ಟ್ರೀಟ್‌ಮೆಂಟ್ ನಡೀತು, 2025ರ ಜನವರಿಗೆ ಮುಗೀತು. ಇನ್ನಾ ಚೆಕಪ್‌ಗೆ ಹೋಗ್ತಾ ಇರಬೇಕು ಅಂದಾರ, ಆದ್ರ ಗುಳಗಿ ಇಲ್ಲ, ಸೂಜಿ ಇಲ್ಲ. ಗುಳಗಿ ನುಂಗಿ ನೀರು ಕುಡಿದು ಖಾಲಿ ಪಟ್ಟಿ ನನ್ನ ಕೈಯಾಗ ಕೊಟ್ಟು "ಮಮ್ಮಿ ಇದು ಒಗೀಬ್ಯಾಡ" ಅಂದಳು. ಬೈಬಲ್‌ದಾಗ ಇಟ್ಟೀನಿ.

ಐತ್ವಾರ ಆರಾಧನಾ ಆದ್ಮ್ಯಾಲ ಪಾಸ್ಟರ್ ಅವ್ರು, ದೇವರು ನಿಮಗ ಮಾಡಿದ್ದು ಎಲ್ಲರ ಮುಂದ ಸಾಕ್ಷಿ ಹೇಳ್ರಿ ಅಂತ ಕರೆದ್ರು. ಎದ್ದು ನಿಂತೆ. "ದೇವರಿಗೆ ಸ್ತೋತ್ರ" ಅಂದೆ, ಮುಂದ ಬಾಯಿ ಬರಲಿಲ್ಲ, ಕೂತುಬಿಟ್ಟೆ. ಖುಷಿಗೆ ಮಾತು ಹೊಂಟಿಲ್ಲ ಅಂತ ಭಾಳ ಮಂದಿ ತಿಳಕೊಂಡ್ರು, ಖುಷಿ ಇದ್ದದ್ದು ಖರೇನೇ, ಆದ್ರ ಕಾರಣ ಅದಲ್ಲ. ಅದಕ್ಕೇ ಇವತ್ತು ಕೂತು ಬರೀಲತ್ತೀನಿ, ಉಪಕಾರ ಹೇಳಬೇಕಾದವರಿಗೂ ಹೇಳಿದಂಗ ಆಗ್ತದ, ಆವತ್ತು ನುಂಗಿದ ಮಾತೂ ಹೊರಗ ಬರ್ತದ.

ಮೊದಲು ರಕ್ತ ಕೊಟ್ಟವರು. ಹೈದ್ರಾಬಾದ್ ದವಾಖಾನಿದಾಗ ಒಂದಿನ ಸಂಜಿಗೆ ಪೋರಿ ಮೂಗಿಂದ ರಕ್ತ ನಿಲ್ಲವಲ್ದು, ರಕ್ತ ನಿಲ್ಲಿಸೋ ಕಣ, ಪ್ಲೇಟ್‌ಲೆಟ್ ಅಂತಾರ, ಎಂಟು ಸಾವಿರಕ್ಕ ಬಂದಿತ್ತು, ಒಂದೂವರೆ ಲಕ್ಷದ ಮ್ಯಾಲ ಇರಬೇಕಾದದ್ದು. ಡೋನರ್ ಕರ್ಕೊಂಡ್ ಬರ್ರಿ ಅಂದ್ರು. ಆ ಊರಾಗ ನಮಗ ಯಾರ ಪರಿಚಯ ಅದ? ನಮ್ಮ ಮನಿಯವ್ರು ಬೀದರಕ್ಕ ಫೋನ್ ಮಾಡಿದ್ರು, ರಾತ್ರಿ ಹತ್ತಕ್ಕ ನಾಲ್ಕು ಮಂದಿ ಗಾಡಿ ಹತ್ತಿದ್ರು, ಹತ್ತಿರ ಹತ್ತಿರ 140 ಕಿಲೋಮೀಟರ್, ಜಹೀರಾಬಾದ್ ದಾಟಿದ್ಮ್ಯಾಲ ಮಳಿ. ಒಬ್ಬರು ನಮ್ಮ ಸಭೆಯವರು, ಒಬ್ಬರು ಕೊರಳಾಗ ಲಿಂಗ ಕಟ್ಟಿದವರು, ಒಬ್ಬರು ನಮ್ಮ ಮನಿಯವ್ರ ಜೊತಿಗೆ ಶಾಲಿ ಕಲಿತವರು, ಇನ್ನೊಬ್ಬರು ಚೌಬಾರ ಹತ್ರ ಬಿದ್ರಿ ಕೆಲಸ ಮಾಡೋ ಉಸ್ತಾದರು, ಅವರು ಅಲ್ಲೇ ದವಾಖಾನಿ ವರಾಂಡಾದಾಗ ಫಜರ್ ನಮಾಜ್ ಓದಿ ಆಮ್ಯಾಲ ಕೈ ಚಾಚಿದ್ರು. ರಕ್ತದಾಗಿಂದ ಪ್ಲೇಟ್‌ಲೆಟ್ ತೆಗೀಲಾಕ ಮಷೀನ್‌ದಾಗ ಒಂದು ತಾಸಿನ ಮ್ಯಾಲೇ ಹಿಡೀತು. ಪ್ಲೇಟ್‌ಲೆಟ್ ಅಂದ್ರ ಕೆಂಪಗ ಇರ್ತದ ಅಂದ್ಕೊಂಡಿದ್ದೆ ನಾನು, ಇಲ್ಲ ರೀ, ತೊಗರಿಬ್ಯಾಳಿ ಕಟ್ಟಿನ ಬಣ್ಣ. ಐದು ದಿನದ ಮ್ಯಾಲ ಇಡ್ಲಾಕ ಬರಲ್ಲಂತ, ಇಟ್ಟಷ್ಟು ದಿನಾನೂ ಮಷೀನ್‌ದಾಗ ತೊಟ್ಟಿಲ ತೂಗಿದಂಗ ತೂಗ್ತಾನೇ ಇರಬೇಕಂತ. ಆ ಹಳದಿ ಚೀಲ ಹನಿ ಹನಿಯಾಗಿ ಪೋರಿ ಮೈಯಾಗ ಇಳಿಯೋದು ನೋಡ್ತಾ ಕೂತಿದ್ದೆ, ಸೂರ್ಯ ಏರೋದ್ರಾಗ ಮೂಗಿನ ರಕ್ತ ನಿಂತಿತ್ತು. ಅಣ್ಣಗೋಳೇ, ನಿಮ್ಮ ಋಣ ತೀರ್ಸೋದು ನಮ್ಮ ಕೈಲಿ ಆಗಲ್ಲ.

ಶುರುವಿನಾಗ ಒಂದು ತಿಂಗಳು ಹಾಳಾತು, ಟೈಫಾಯ್ಡ್ ಅಂತ ಹೇಳಿ ಒಂದು ಕಡಿ ಸೂಜಿ ಮಾಡ್ತಾನೇ ಇದ್ರು. ಆ ಸಿಟ್ಟು ಭಾಳ ದಿನ ಹೊತ್ತು ತಿರುಗೀನಿ, ಈಗ ಇಳಿಸೀನಿ, ಅದರ ಬಗ್ಗೆ ಇಷ್ಟೇ ಸಾಕು. ಕಾಲು ನೋವು, ಹೋಗಿ ಬರೋ ಜ್ವರ, ಮೈಮ್ಯಾಲ ನೀಲಿ ಕಲೆ ಇದ್ದ ಕೂಸಿಗೆ ಲಗೂ ಒಂದು ರಕ್ತದ ಟೆಸ್ಟ್ ಮಾಡಿಸ್ರಿ ಅಂತ ಮಾತ್ರ ಎಲ್ಲಾ ತಾಯಂದಿರಿಗೂ ಹೇಳ್ತೀನಿ.

ಈಗ ಭಾರದ ಮಾತು. ಕಾರಣ ಹೇಳ್ಲಾಕ ಬಂದವರು ಭಾಳ ಮಂದಿ. ದಶಮಾಂಶ, ಅಂದ್ರ ಗಳಿಕಿದಾಗ ದೇವರಿಗೆ ಹತ್ತರಾಗ ಒಂದು ಪಾಲು, ಕೊಟ್ಟಿಲ್ಲೇನು ಅಂತ ಒಬ್ಬರು ಕೇಳಿದ್ರು. ಹಿರಿಯರ ಶಾಪ ಇರ್ಬೇಕು ಅಂದ್ರು ಇನ್ನೊಬ್ಬರು. ಪ್ರೀತಿಲೇನೇ ಹೇಳ್ಯಾರ ಅಂತ ಗೊತ್ತು, ಆದ್ರ ರಾತ್ರಿ ನಿದ್ದಿ ಬರ್ತಿದ್ದಿಲ್ಲ ನನಗ, ನಾ ಏನು ತಪ್ಪು ಮಾಡೀನಿ ಅಂತ ಒಂದೊಂದೇ ಎಣಿಸ್ತಿದ್ದೆ. ಆಮ್ಯಾಲ ಬೈಬಲ್‌ದಾಗ ಯೋಹಾನನ ಸುವಾರ್ತೆ 9ನೇ ಅಧ್ಯಾಯ ಓದಿದೆ, ಹುಟ್ಟುಗುರುಡನ್ನ ನೋಡಿ ಶಿಷ್ಯರೂ ಅದೇ ಕೇಳ್ತಾರ, ಯಾರ ಪಾಪ, ಇವಂದೋ ತಾಯಿತಂದಿದೋ? ಯೇಸುಸ್ವಾಮಿ ಇವಂದೂ ಅಲ್ಲ, ತಾಯಿತಂದಿದೂ ಅಲ್ಲ ಅಂತಾನ. ಲೂಕ 13ರಾಗ ಸಿಲೋವದ ಬುರುಜು ಬಿದ್ದು 18 ಮಂದಿ ಸತ್ತದ್ದು ಅದ, ಅವರು ಉಳಿದವರಿಗಿಂತ ಪಾಪಿಗಳಲ್ಲ ಅಂತ ಸ್ವಾಮಿ ಬಿಡಿಸಿ ಹೇಳ್ಯಾನ. ನಾನು ಬೀದರ ಕಿಲ್ಲೆದ ಬುರುಜಿನ ನೆರಳಾಗ ಆಡಿ ಬೆಳೆದಾಕಿ, ಆ ಕಲ್ಲು ಎಷ್ಟು ದೊಡ್ಡವು ಅಂತ ನನಗ ಗೊತ್ತು, ಅದು ಬೀಳೋವಾಗ ಕೆಳಗ ಯಾರು ನಿಂತಾರ ಅಂತ ಕಲ್ಲು ಕೇಳಲ್ಲ. ಆವತ್ತು ಎಣಿಸೋದು ಬಿಟ್ಟೆ.

ಇನ್ನೊಬ್ಬರು ಬಂದು, ದೇವರು ನಿಮ್ಮನ್ನ ಬಿದ್ರಿ ಹೂಜಿ ಕೆತ್ತಿದಂಗ ಕೆತ್ತಲತ್ತಾನ, ಉಳಿ ಪೆಟ್ಟು ಬಿದ್ರೇನೇ ಬೆಳ್ಳಿ ಕೂಡ್ತದ ಅಂದ್ರು. ಕೇಳ್ಲಾಕ ಛಂದ ಇತ್ತು. ಉಸ್ತಾದರು ಪೋರಿನ್ನ ನೋಡ್ಲಾಕ ಮನಿಗಿ ಬಂದಾಗ ಇದನ್ನ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ ಅಕ್ಕಾ, ಸತುವು ತಾಮ್ರ ಅದು, ಅದಕ್ಕ ನೋವಿಲ್ಲ ಅಂತ ನಾನು ಉಳಿ ಹೊಡೀತೀನಿ. ಅದು ಒಮ್ಮಿ ಅತ್ತಿದ್ರ ಉಳಿ ಕೈಲೇ ಹಿಡೀತಿದ್ದಿಲ್ಲ" ಅಂದ್ರು. ಕಷ್ಟದಾಗ ಮನುಷ್ಯಾ ಗಟ್ಟಿ ಆಗ್ತಾನ ಅನ್ನೋದು ಸುಳ್ಳಲ್ಲ, ಪೌಲ ಅಪೊಸ್ತಲನೂ ಬರದಾನ, ನನಗೂ ಆಗ್ಯಾದ. ಆದ್ರ ನನ್ನ ಗಟ್ಟಿ ಮಾಡ್ಲಾಕ ಏಳು ವರ್ಷದ ಕೂಸಿನ ಬೆನ್ನಾಗ ಸೂಜಿ ಚುಚ್ಚಸ್ಯಾನ ಅಂದ್ರ ನಾ ನಂಬಲ್ಲ, ಅಂಥ ದೇವರನ್ನ ನಮ್ಮವ್ವ ನನಗ ಕಲಿಸಿಲ್ಲ.

ಪಾಸ್ಟರ್ ಅವ್ರಿಗೆ ಇಲ್ಲೇ ಉಪಕಾರ ಹೇಳ್ತೀನಿ. ದೇವರು ಒಳ್ಳೇವನಿದ್ರ ಯಾಕ ಬಿಟ್ಟ ಅಂತ ನಾ ಜಗಳಾನೇ ತೆಗೆದಿದ್ದೆ ಅವರ ಕೂಡ. ಅವರು, ಮನುಷ್ಯಾ ಮಾಡೋ ಕೇಡಿಗೆ ಉತ್ತರ ಅದ ತಾಯಿ, ದೇವರು ಪ್ರೀತಿ ಮಾಡ್ಲಾಕ ಸ್ವತಂತ್ರ ಕೊಟ್ಟಾನ, ಆ ಸ್ವತಂತ್ರದಾಗೇ ಮನುಷ್ಯಾ ಹೊಡೀಲಾಕೂ ಕಲಿತಾನ, ಆದ್ರ ಎಲುಬಿನೊಳಗಿನ ರಕ್ತ ಕೆಡೋದು ಯಾರ ಸ್ವತಂತ್ರಾನೂ ಅಲ್ಲ, ಅದಕ್ಕ ನನ್ನ ಹತ್ರ ಪೂರಾ ಉತ್ತರ ಇಲ್ಲ ಅಂದ್ರು. ಆಮ್ಯಾಲ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯ ತೆಗೆದು ಓದಿದ್ರು, ಸೃಷ್ಟಿ ಎಲ್ಲಾ ಹೆರಿಗಿ ಬ್ಯಾನಿದಾಗ ನರಳ್ತದ, ನಾವೂ ನರಳ್ತೀವಿ, ಪವಿತ್ರಾತ್ಮನೂ ನಮ್ಮ ಸಂಗಟ ಮಾತಿಲ್ಲದ ನರಳಾಟದಾಗ ಬೇಡ್ಕೋತಾನ. ಎರಡು ಹೆತ್ತಾಕಿ ನಾನು, ಆ ನರಳಾಟ ನನಗ ಗೊತ್ತು. ದೇವರೂ ನರಳ್ತಾನ ಅನ್ನೋದು ಅವತ್ತೇ ಮೊದಲು ಕಿವಿಗಿ ಬಿದ್ದಂಗಾಯ್ತು, ಸಣ್ಣಾಕಿ ಇದ್ದಾಗಿಂದ ಕೇಳಿದ ವಾಕ್ಯಾನೇ ಅದು.

ತಪ್ಪಿಲ್ಲದೇ ಮಕ್ಕಳು, ಆಸ್ತಿ ಎಲ್ಲಾ ಕಳಕೊಂಡ ಯೋಬನ ಪುಸ್ತಕಾನೂ ವಾರ್ಡ್‌ದಾಗೇ ಓದಿ ಮುಗಿಸಿದೆ, 42 ಅಧ್ಯಾಯ. ಅವನ ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಮಾತಾಡದೇ ನೆಲದ ಮ್ಯಾಲ ಅವನ ಬಾಜೂಕ ಕೂಡ್ತಾರ, ಅಲ್ಲಿ ತನಕ ಚಲೋ ಇದ್ರು, ಬಾಯಿ ತೆರೆದು ಕಾರಣ ಹೇಳ್ಲಾಕ ಶುರು ಮಾಡಿದ್ಮ್ಯಾಲೇ ಕೆಟ್ರು. ಕಡೀಗೆ ದೇವರ ಸಿಟ್ಟು ಯೋಬನ ಮ್ಯಾಲ ಅಲ್ಲ, ಆ ಗೆಳೆಯರ ಮ್ಯಾಲ. ಅಷ್ಟು ಕೂಗಾಡಿದ ಯೋಬನೇ ಸರಿಯಾಗಿ ಮಾತಾಡ್ಯಾನ ಅಂತಾನ ದೇವರು. ಆದ್ರ ಯಾಕ ಹಿಂಗಾಯ್ತು ಅಂತ ಯೋಬನಿಗೆ ಕಡೀತನಕ ಹೇಳೇ ಇಲ್ಲ ನೋಡ್ರಿ, ದೇವರು ಬಿರುಗಾಳಿಯೊಳಗಿಂದ ಬಂದ, ಅವನ ಕೂಡ ಮಾತಾಡಿದ, ಅಷ್ಟೇ. ಏಳು ದಿನದ ಆ ಗೆಳೆಯರಂಗ ಬಂದು ಕೂತವರಿಗೆ ನನ್ನ ಉಪಕಾರ, ಕಾರಣ ಹೇಳದೇ ಜ್ವಾಳದ ರೊಟ್ಟಿ, ಪುಂಡಿ ಪಲ್ಯ ಕಟ್ಟಿ ಕಳಿಸಿದವರಿಗೆ, ನನ್ನ ಸಣ್ಣ ಮಗನ್ನ ಎರಡೂವರಿ ವರ್ಷ ತಮ್ಮ ಮಕ್ಕಳ ಕೂಡ ಶಾಲಿಗೆ ಕಳಿಸಿದ ಬಾಜೂಮನಿ ಅಕ್ಕಗ, ನಮ್ಮ ಆಯಿಗೆ, ಅಕಿ ಏನೂ ಅಂದಿಲ್ಲ, ಬಂದಾಗೊಮ್ಮಿ ಪೋರಿ ಕಾಲು ಒತ್ತಿ ಹೋಗ್ತಿದ್ಳು.

ಈಗ ಐತ್ವಾರ ನಾ ಯಾಕ ಕೂತೆ ಅನ್ನೋದು. ನಮ್ಮ ಬಾಜೂ ಬೆಡ್‌ನಾಗ ಯಾದಗಿರಿ ಕಡಿಯವರು ಒಬ್ಬ ಪೋರ ಇದ್ದ, ಇಬ್ಬರೂ ಒಂದೇ ವಾರದಾಗ ಅಡ್ಮಿಟ್, ಅದೇ ಬ್ಯಾನಿ, ಅದೇ ಔಷಧ, ಅದೇ ಡಾಕ್ಟರ್. ಅವರವ್ವ ಮೈಲಾಪುರ ಮಲ್ಲಯ್ಯಗ ಹರಕಿ ಹೊತ್ತಿದ್ಳು, ನಾ ಪ್ರಾರ್ಥನಾ ಮಾಡೋವಾಗ ಅಕಿನೂ ಸೆರಗು ತಲಿ ಮ್ಯಾಲ ಹೊದ್ದು ಬಂದು ಕೂಡ್ತಿದ್ಳು, "ಅಕ್ಕಾ ನಮ್ಮಂವನ ಹೆಸರೂ ಹೇಳ್ರಿ" ಅಂತಿದ್ಳು. ದಿನಾ ಹೇಳೀನಿ. ಇಬ್ಬರ ಹೆಸರೂ ಒಂದೇ ಉಸಿರಿನಾಗ ಹೇಳೀನಿ. ಮೂರನೇ ತಿಂಗಳಿಗೆ ರಕ್ತದಾಗಿನ ಬಿಳಿ ಕಣದ ಕೌಂಟ್ ಬಿದ್ದು ಜ್ವರ ಬಂತು, ಎರಡು ದಿನದಾಗ ಅಂವ ಹೋದ. ನಸುಕಿನಾಗ ಅಕಿ ವರಾಂಡಾದಾಗ ನನ್ನ ತೊಡಿ ಮ್ಯಾಲ ತಲಿ ಇಟ್ಟು ಮಲ್ಕೊಂಡಿದ್ಳು, ಕೈಯಾಗ ಅವನ ಸ್ವೆಟರ್ ಇತ್ತು, ಒಂದು ತೋಳು ಇನ್ನಾ ಹೆಣೆಯೋದು ಬಾಕಿ.

ನಾ ಎದ್ದು ನಿಂತು, ದೇವರು ನನ್ನ ಪ್ರಾರ್ಥನಾ ಕೇಳಿ ನನ್ನ ಮಗಳನ್ನ ಉಳಿಸ್ಯಾನ ಅಂದ್ರ, ಅಕಿ ಕೂಸಿನ ಹೆಸರು ಹೇಳಿದ ಅದೇ ಪ್ರಾರ್ಥನಾ ಏನಾಯ್ತು? ಅಕಿ ಮುಂದ ಹೇಳ್ಲಾಕ ಆಗದ ಸಾಕ್ಷಿ ದೇವರ ಮುಂದ ಹ್ಯಾಂಗ ಹೇಳ್ಲಿ? ಮೂರು ತಿಂಗಳು ಬೈಬಲ್ ಮುಟ್ಟಲಿಲ್ಲ ನಾನು. ಮುಟ್ಟಿದಾಗ ಯೇಸುಸ್ವಾಮಿ ಸಾವಿನಿಂದ ಎಬ್ಬಿಸಿದ ಲಾಜರನ ಕಥಿ ಬಂತು. ಸ್ವಾಮಿ, ನೀನಿಲ್ಲಿ ಇದ್ದಿದ್ರ ನಮ್ಮ ತಮ್ಮ ಸಾಯ್ತಿದ್ದಿಲ್ಲ ಅಂತ ಮಾರ್ಥಾನೂ ಅಂತಾಳ, ಮರಿಯಾನೂ ಅಂತಾಳ. ಇಬ್ಬರನ್ನೂ ಯೇಸುಸ್ವಾಮಿ ಬೈಯ್ಯಲ್ಲ. ಇನ್ನೊಂದು ಗಳಿಗಿಗೆ ಅವನ್ನ ಎಬ್ಬಿಸ್ತೀನಿ ಅಂತ ಗೊತ್ತಿದ್ದೂ ಅಳ್ತಾನ. ಅಳೋ ಅವಶ್ಯಕತಾ ಏನಿತ್ತು? ಆ ಅಳು ನನ್ನ ಹಿಡಕೊಂತು. ಲಾಜರನೂ ಮುಂದ ಒಂದಿನ ಸತ್ತೇ ಸತ್ತಿರ್ತಾನ, ನನ್ನ ಪೋರಿನೂ ನಾನೂ ಒಂದಿನ ಹೋಗೋರೇ, ಹಂಗಾದ್ರ ಇವಳಿಗೆ ಗುಣ ಆದದ್ದು ಇವಳ ಮ್ಯಾಲಷ್ಟೇ ಪ್ರೀತಿ ಅದ ಅನ್ನೋ ಗುರುತಲ್ಲ. ಶಿಲುಬಿ ಮ್ಯಾಲ ಸ್ವಂತ ಮಗ ಯಾಕ ಕೈಬಿಟ್ಟಿ ಅಂತ ಕೂಗಿದ್ದು ಕೇಳಿದ ದೇವರು ಆ ನಸುಕಿನಾಗ ಅಕಿ ಬಾಜೂಕೂ ಕೂತಿದ್ದ, ಇದನ್ನ ನಾ ನಂಬ್ತೀನಿ, ಮತ್ತ ಸತ್ತವರನ್ನ ಎಬ್ಬಿಸೋ ದಿನ ಆ ಹೆಸರು ಅವನಿಗೆ ನೆನಪಿರ್ತದ ಅಂತಾನೂ ನಂಬ್ತೀನಿ, ನಾ ಎಷ್ಟು ಸಲ ಹೇಳಿಲ್ಲ ಅದನ್ನ!

ಹೋದ ವಾರ ಪೋರಿ ಕನ್ನಡಿ ಮುಂದ ನಿಂತು ಔಷಧ ಹಾಕ್ಲಾಕ ಎದಿದಾಗ ಚರ್ಮದ ಕೆಳಗ ಇಟ್ಟಿದ್ದ ಪೋರ್ಟ್ ತೆಗೆದ ಗುರುತು ನೋಡ್ಕೊಂತ, ಸ್ವರ್ಗದಾಗ ಇದು ಹೋಗ್ತದೇನು ಮಮ್ಮಿ ಅಂದಳು. ಎದ್ದು ಬಂದ ಯೇಸುಸ್ವಾಮಿ ಕೈಯಾಗಿನ ಮೊಳೆ ಗುರುತು ಹಂಗೇ ಇತ್ತು ಪುಟ್ಟಿ, ಶಿಷ್ಯ ತೋಮನಿಗೆ ತೋರ್ಸಿದ ಅಂದೆ. ಸ್ವಲ್ಪ ವಿಚಾರ ಮಾಡಿ, ಹಂಗಿದ್ರ ಇರಲಿ ಅಂದಳು.

ಡಾಕ್ಟರ್, ನರ್ಸಮ್ಮಗೋಳು, ರೊಕ್ಕ ಕೊಟ್ಟು ಹೊಳ್ಳಿ ಕೇಳದವರು, ಚೈನ್ ಪ್ರೇಯರ್‌ದಾಗ ರಾತ್ರಿ ಮೂರರ ಪಾಳಿ ತೊಗೊಂಡವರು, ಎಲ್ಲರಿಗೂ ಕೈ ಮುಗೀತೀನಿ. ದೇವರಿಗೆ ಸ್ತೋತ್ರ, ಈಗ ಪೂರಾ ಮನಸಿಂದ ಅಂತೀನಿ.

ಶನಿವಾರ ಮುಂಜಾನಿ ಯಾದಗಿರಿಯಿಂದ ಫೋನ್ ಬಂದಿತ್ತು. ನಾನೇ ಮಾಡ್ಲಾಕ ಹೆದರಿ ಕೂತಿದ್ದೆ, ಅಕಿನೇ ಮಾಡಿದಳು. "ಗುಳಗಿ ಮುಗೀತೇನ್ರಿ ಅಕ್ಕಾ, ನಿನ್ನಿಗೆ ಮುಗೀಬೇಕಲ್ಲ" ಅಂದಳು. ದಿನ ಎಣಿಸಿದ್ದಳು. ಇಬ್ಬರೂ ಅತ್ವಿ. ಆಮ್ಯಾಲ, ಕೂದಲ ಎಷ್ಟುದ್ದ ಬಂದಾವ, ಎರಡು ಜಡಿ ಹಾಕಿ ಒಂದು ಫೋಟೋ ಕಳಿಸ್ರಿ ಅಂದಳು. ಹೆಗಲಿಗೆ ಬಂದಾವ ಈಗ. ಇವತ್ತು ಜಡಿ ಹಾಕಿ, ರಿಬ್ಬನ್ ಕಟ್ಟಿ, ಫೋಟೋ ತೆಗೆದು ಕಳಿಸೀನಿ.