ಎಲ್ಲ ಲಕ್ಷಣಗಳೂ ಒಳ್ಳೆಯವೇ ಎಂದು ಬರೆದವಳಿಗೆ

ದಾವಣಗೆರೆ

ಚಿ. ಶಿಲ್ಪಾಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಕಂಪನಿಯಲ್ಲಿ ಸಂಬಳ ನಿಂತಿರುವ ಸಂಗತಿಗಿಂತ, ಅದರ ಕೆಳಗೆ ನೀನು ಬರೆದ ಸಾಲು ನನ್ನನ್ನು ಹೆಚ್ಚು ಕಲಕಿತು: "ಎಲ್ಲ ಲಕ್ಷಣಗಳೂ ಒಳ್ಳೆಯವೇ ಆಗಿವೆ ದೊಡ್ಡಪ್ಪ, ಒಂದೂ ವಿರುದ್ಧವಾಗಿಲ್ಲ, ಬಂಡವಾಳ ಬರುವುದು ಬಹುತೇಕ ಖಚಿತ." ಸಂಬಳ ಬಾರದಿರುವುದನ್ನೇ ನೀನು ಲಕ್ಷಣಗಳ ಲೆಕ್ಕಕ್ಕೆ ಸೇರಿಸಿಲ್ಲವಲ್ಲ ಎಂದು ಆ ಸಾಲನ್ನು ಮತ್ತೆ ಮತ್ತೆ ಓದಿದೆ.

ಮಿಲ್ಲು ಮುಚ್ಚಿದ ಕಥೆ ನಿನಗೆ ಗೊತ್ತಿರುವುದೇ. ಮುಚ್ಚಿದ ಮೇಲೆ ನಿನ್ನ ಅಜ್ಜ ಹೇಗೆ ಕಾದರು ಎಂಬುದನ್ನು ಮಾತ್ರ ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಗೇಟಿಗೆ ಬಣ್ಣ ಬಳಿದರೆ ಮಿಲ್ಲು ತೆರೆಯುತ್ತದೆ ಎನ್ನುತ್ತಿದ್ದರು. ಬ್ಯಾಂಕಿನವರ ಕಾರು ಒಳಗೆ ಹೋದರೆ ಹೊಸ ಸಾಲ ಮಂಜೂರಾಯಿತು ಎನ್ನುತ್ತಿದ್ದರು. ಹಳೆಯ ಮಗ್ಗಗಳನ್ನು ಲಾರಿಗೆ ಏರಿಸಿದ ದಿನವೂ ಹೊಸ ಯಂತ್ರಗಳಿಗೆ ಜಾಗ ಮಾಡುತ್ತಿದ್ದಾರೆಂದೇ ನಂಬಿದರು. ಮಾರುವವರೂ ಗೇಟಿಗೆ ಬಣ್ಣ ಬಳಿಸುತ್ತಾರೆ, ವಸೂಲಿಗೂ ಬ್ಯಾಂಕಿನವರು ಬರುತ್ತಾರೆ ಎಂದು ಅವರಿಗೆ ಹೇಳುವವರು ಯಾರೂ ಇರಲಿಲ್ಲ, ನಾನಿನ್ನೂ ಹುಡುಗ. ಮಂಡಿಪೇಟೆಯಲ್ಲಿ ಲೆಕ್ಕ ಬರೆಯುವ ಕೆಲಸ ಕರೆದು ಕೊಡುವವರಿದ್ದಾಗಲೂ ಅವರು ಹೋಗಲಿಲ್ಲ. ಅವರ ಆ ವರ್ಷಗಳು ಹಾಗೆ ಕಳೆದುಹೋದವಲ್ಲ ಎಂಬ ಕೊರಗು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ನಿವೃತ್ತಿಯ ನಂತರ ಬೇಹುಗಾರಿಕೆ ಸಂಸ್ಥೆಗಳ ವಿಶ್ಲೇಷಕರು ಯೋಚಿಸುವ ಕ್ರಮದ ಬಗ್ಗೆ ಓದತೊಡಗಿದ್ದೂ ಆ ಕೊರಗಿನಿಂದಲೇ ಇರಬೇಕು. ಅಮೆರಿಕದ ಸಿಐಎಯಲ್ಲಿದ್ದ ರಿಚರ್ಡ್ಸ್ ಹೋಯರ್ ಎಂಬವರು ಒಂದು ವಿಧಾನವನ್ನು ರೂಪಿಸಿದರು. ಮೊದಲು ಸಾಧ್ಯವಿರುವ ಎಲ್ಲ ವಿವರಣೆಗಳನ್ನೂ ಬರೆದುಕೊಂಡು, ಸಿಕ್ಕ ಪ್ರತಿಯೊಂದು ಸುಳಿವನ್ನೂ ಆ ಎಲ್ಲವುಗಳ ಎದುರಿಗೆ ಇಟ್ಟು ನೋಡಬೇಕು. ಎಲ್ಲ ವಿವರಣೆಗಳಿಗೂ ಹೊಂದುವ ಸುಳಿವಿನಿಂದ ಯಾವುದನ್ನೂ ನಿರ್ಧರಿಸಲಾಗದು. ಹೆಚ್ಚು ಬೆಂಬಲ ಸಿಕ್ಕಿದ್ದನ್ನು ಆರಿಸುವ ಬದಲು, ವಿರುದ್ಧ ಸಾಕ್ಷ್ಯ ಅತಿ ಕಡಿಮೆ ಇರುವುದನ್ನು ಉಳಿಸಿಕೊಳ್ಳಬೇಕು. ನಿನ್ನ ಮಾಲೀಕರು ದೊಡ್ಡ ಕಚೇರಿ ಹುಡುಕುತ್ತಿರುವುದು, ಹೂಡಿಕೆದಾರರು ಎರಡು ಸಲ ಬಂದುಹೋದದ್ದು, ಎಲ್ಲರಿಗೂ ಧೈರ್ಯ ಹೇಳುತ್ತಿರುವುದು, ಇವೆಲ್ಲ ಬಂಡವಾಳ ಬರುವ ಕಂಪನಿಯಲ್ಲಿ ನಡೆಯುವಂತೆಯೇ ಬಾರದ ಕಂಪನಿಯಲ್ಲೂ ನಡೆಯುತ್ತವೆ, ಮಗಳೇ.

1973ರಲ್ಲಿ ಇಸ್ರೇಲಿನ ಸೇನಾ ಬೇಹುಗಾರರಿಗೂ ಎಲ್ಲ ಲಕ್ಷಣಗಳೂ ಒಂದೇ ಕಡೆಗೆ ಕಂಡವು. ತಮ್ಮ ವಾಯುನೆಲೆಗಳ ಮೇಲೆ ದಾಳಿ ಮಾಡಬಲ್ಲ ವಿಮಾನಗಳು ದೊರೆಯುವವರೆಗೆ ಈಜಿಪ್ಟ್ ಯುದ್ಧಕ್ಕೆ ಇಳಿಯದೆಂದು ಅವರು ಮೊದಲೇ ನಂಬಿದ್ದರು. ಸುಯೆಜ್ ಕಾಲುವೆಯಾಚೆ ಸೈನ್ಯ ಜಮಾಯಿಸಿದ್ದು ಕಣ್ಣಿಗೆ ಬಿದ್ದರೂ ಅದನ್ನು ಸಮರಾಭ್ಯಾಸವೆಂದೇ ಓದಿಕೊಂಡರು. ಅಕ್ಟೋಬರ್ 6ರಂದು ಯುದ್ಧವೇ ಬಂತು. ಅವರು ಕಾಣದವರಲ್ಲ, ದಡ್ಡರೂ ಅಲ್ಲ. ನನಗೆ ಭಯವಾಗುವುದು ಅದಕ್ಕೇ, ಏಕೆಂದರೆ ನೀನೂ ಜಾಣೆ. ಆಮೇಲೆ ಅವರು ಒಪ್ಪಿತ ಅಭಿಪ್ರಾಯಕ್ಕೆ ಎದುರಾಗಿ ವಾದಿಸುವುದಕ್ಕೆಂದೇ ಒಂದು ವಿಭಾಗವನ್ನು ಮಾಡಿದರು. ನಿನ್ನ ಜೊತೆಗಾರರಲ್ಲಿ ಅಂಥ ಮಾತನಾಡುವವರು ಯಾರಾದರೂ ಇದ್ದರೆ ಒಂದು ಸಂಜೆ ಕೂತು ಕೇಳು. ನಾನು ಹೇಳಿದ್ದೇ ಸರಿಯೆಂದು ಭಾವಿಸಬೇಡ, ದೂರದಲ್ಲಿದ್ದುಕೊಂಡು ಬರೆಯುತ್ತಿದ್ದೇನೆ.

"ಬಹುತೇಕ ಖಚಿತ" ಎಂದೆಯಲ್ಲ, ಅದು ನೂರರಲ್ಲಿ ಎಷ್ಟು? 1951ರಲ್ಲಿ ಸಿಐಎಯ ಶರ್ಮನ್ ಕೆಂಟ್ ಅವರ ತಂಡ, ಯುಗೊಸ್ಲಾವಿಯದ ಮೇಲೆ ದಾಳಿಯಾಗುವ ಗಂಭೀರ ಸಾಧ್ಯತೆಯಿದೆಯೆಂದು ವರದಿ ಕೊಟ್ಟಿತ್ತು. ಬರೆದವರನ್ನೇ ಒಬ್ಬೊಬ್ಬರಾಗಿ ಕೇಳಿದಾಗ ಆ ಮಾತಿಗೆ ನೂರಕ್ಕೆ ಇಪ್ಪತ್ತು ಎಂದವರೂ ಇದ್ದರು, ಎಂಬತ್ತು ಎಂದವರೂ ಇದ್ದರು. ನೀನು ಒಂದು ಅಂಕಿ ಬರೆದುಕೊಂಡರೆ, ತಿಂಗಳು ಕಳೆದ ಮೇಲೆ ಅದು ಏರಿತೋ ಇಳಿಯಿತೋ ನಿನಗೇ ಕಾಣುತ್ತದೆ. ಪಿಎಫ್ ಹಣ ಕಟ್ಟುತ್ತಿದ್ದಾರೆಯೇ ಎಂಬುದನ್ನೂ ಪಾಸ್‌ಬುಕ್ಕಿನಲ್ಲಿ ನೋಡು. ಅದು ಬಾಯಿಮಾತಿನ ಧೈರ್ಯಕ್ಕಿಂತ ಹೆಚ್ಚು ಹೇಳೀತು. ಯಾವುದನ್ನು ಕಂಡರೆ ಬಿಟ್ಟುಬರುವೆ ಎಂಬುದನ್ನು ಮಾತ್ರ ಈಗಲೇ, ಅದು ಎದುರಾಗುವ ಮೊದಲೇ, ಬರೆದಿಡು. ಅಜ್ಜನಿಗೆ ಅಂಥದೊಂದು ಗೆರೆ ಇರಲೇ ಇಲ್ಲ.

ಬಾಡಿಗೆಗೆ ಕಷ್ಟವಾದರೆ ಸಂಕೋಚಪಡದೆ ತಿಳಿಸು. ಮುಂದಿನ ಪತ್ರದಲ್ಲಿ ನಿನಗೆ ವಿರುದ್ಧವಾಗಿ ಕಂಡ ಒಂದು ಲಕ್ಷಣವನ್ನಾದರೂ ಬರೆ.

ಇಂತಿ,
ನಿನ್ನ ದೊಡ್ಡಪ್ಪ