ಬೊಲೊನ್ಯದಿಂದ ಅಪ್ಪನವರಿಗೆ

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಾನು ಇಲ್ಲಿ ಇಟಲಿಯಲ್ಲಿ ಕ್ಷೇಮ. ಇಲ್ಲಿಯವರು ತಮ್ಮತಮ್ಮಲ್ಲಿ ಹೇಗೆ ಮಾತನಾಡಿಕೊಳ್ಳುತ್ತಾರೆ, ಅದಕ್ಕೆ ಏನೆನ್ನುತ್ತಾರೆ ಎಂದು ಕೇಳಿದ್ದಿರಿ. ಬರಿಯ ಮಾತಿಗೆ ಇಟಾಲಿಯನ್ನಿನಲ್ಲಿ ‘ಪಾರ್ಲಾರೆ’ ಸಾಕು. ಅಲ್ಲಿಂದ ಮುಂದೆ ಮಾತಿನ ತೂಕ ನೋಡಿ ಪದ ಬದಲಾಗುತ್ತದೆ. ದಾರಿಯಲ್ಲಿ ಸಿಕ್ಕವರೊಡನೆ ನಿಂತು ಆಡುವ ಹರಟೆ ‘ಕ್ಯಾಕ್ಯೆರೆ’. ಈ ಊರಿನಲ್ಲಿ ಅದಕ್ಕೆ ಮಳೆಯ ಅಡ್ಡಿಯೂ ಇಲ್ಲ, ಏಕೆಂದರೆ 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕಮಾನುಸಾಲಿನ ಮೊಗಸಾಲೆಗಳು ಬೀದಿಗಳ ಅಂಚಿನಲ್ಲಿ ಒಟ್ಟು ಸುಮಾರು 62 ಕಿಲೋಮೀಟರ್ ಉದ್ದಕ್ಕೆ ಹಬ್ಬಿವೆ. ಮಿಲಾನಿನ ಕಡೆ ಕಾರ್ನಿವಲ್ ಹಬ್ಬಕ್ಕೆ ಕರಿದು ಸಕ್ಕರೆ ಪುಡಿ ಉದುರಿಸುವ ಗರಿಗರಿಯಾದ ತಿಂಡಿಗೂ ‘ಕ್ಯಾಕ್ಯೆರೆ’ ಎಂದೇ ಹೆಸರೆಂದು ಅಮ್ಮನಿಗೆ ತಿಳಿಸಿ. ನೋಡಿದರೆ ಚಿರೋಟಿಯ ನೆನಪಾಗುತ್ತದೆ.

‘ದಿಸ್ಕೂತೆರೆ’ ಎಂದರೆ ಚರ್ಚಿಸುವುದು. ಆದರೆ ಗಂಡಹೆಂಡಿರು ನಿನ್ನೆ ಹಾಗೆ ಮಾಡಿದರೆಂದರೆ ಜಗಳವಾಡಿದರೆಂದೇ ಅರ್ಥವಾಗುವುದುಂಟು.

ನನಗೆ ಎಲ್ಲಕ್ಕಿಂತ ಪ್ರಿಯವಾದ ಪದ ‘ಕೊನ್ಫ್ರೊಂತಾರ್ಸಿ’. ಅದರೊಳಗೆ ಹಣೆ ಎಂಬ ಅರ್ಥದ ‘ಫ್ರೊಂತೆ’ ಇದೆ. ಇಂಗ್ಲಿಷಿನ ಕನ್ಫ್ರಂಟ್ ಇದರ ಬಂಧುವೇ ಆದರೂ ಅಲ್ಲಿರುವ ಎದುರುಬೀಳುವ ಬಿರುಸು ಇಲ್ಲಿ ಇರಲೇಬೇಕೆಂದಿಲ್ಲ. ನನ್ನ ಅಭಿಪ್ರಾಯವನ್ನು ನಿಮ್ಮದರ ಪಕ್ಕಕ್ಕಿಟ್ಟು, ಎರಡನ್ನೂ ಹೋಲಿಸಿ, ಅಗತ್ಯವಾದರೆ ನನ್ನದನ್ನು ತಿದ್ದಿಕೊಳ್ಳಲು ಸಿದ್ಧಳಾಗಿ ಕುಳಿತುಕೊಳ್ಳುವುದು ಅದರ ಭಾವ. ಪ್ರಬಂಧದ ಕರಡನ್ನು ಮಾರ್ಗದರ್ಶಕರ ಮುಂದಿಡುವಾಗಲೂ ಸಹಪಾಠಿಗಳೊಡನೆ ವಾದಿಸುವಾಗಲೂ ಈ ಪದವನ್ನೇ ಕೇಳುತ್ತೇನೆ.

ನಮ್ಮ ನೀನು, ನೀವುಗಳಂತೆ ಇಲ್ಲಿ ‘ತು’ ಮತ್ತು ‘ಲೇಯಿ’ ಇವೆ. ಏಕವಚನಕ್ಕೆ ಇಳಿಯೋಣವೆಂದು ಸಾಮಾನ್ಯವಾಗಿ ಹಿರಿಯರೇ ಸೂಚಿಸಬೇಕು. ಈ ಮರ್ಯಾದೆ ನನಗೆ ಹೊಸದೆನಿಸಲಿಲ್ಲ.

ನೀವು ಶಾಲೆಯಲ್ಲಿ ಗೆಲಿಲಿಯೊನ ಪಾಠ ಮಾಡುತ್ತಿದ್ದುದರಿಂದ ಇನ್ನೊಂದು ಪದವನ್ನು ಬರೆಯಲೇಬೇಕು: ‘ದಿಯಾಲೊಗೊ’, ಅಂದರೆ ಸಂಭಾಷಣೆ. ಅವನ ಪುಸ್ತಕದ ಹೆಸರೂ ಅದೇ. 1632ರಲ್ಲಿ ಅವನು ಭೂಮಿಯ ಚಲನೆಯ ವಾದವನ್ನು ವಿದ್ವಾಂಸರ ಲ್ಯಾಟಿನ್ ಬಿಟ್ಟು ಇಟಾಲಿಯನ್ನಿನಲ್ಲಿ, ಮೂವರು ನಾಲ್ಕು ದಿನ ನಡೆಸುವ ಸಂಭಾಷಣೆಯಾಗಿ ಪ್ರಕಟಿಸಿದ. ಅವರಲ್ಲಿ, ಭೂಮಿ ಚಲಿಸುವುದಿಲ್ಲವೆಂಬ ಹಳೆಯ ಮತವನ್ನು ಹಿಡಿದ ಸಿಂಪ್ಲಿಚಿಯೊ ಕೊನೆಯವರೆಗೂ ಪ್ರಶ್ನೆ ಕೇಳುತ್ತಲೇ ಇರುತ್ತಾನೆ. ಮೂಲವನ್ನೇ ನಿಘಂಟಿನ ನೆರವಿನಿಂದ ಓದುತ್ತಿದ್ದೇನೆ. ಮೊದಲ ದಿನದ ಭಾಗ ಮುಗಿದೊಡನೆ ಅವನ ಪ್ರಶ್ನೆಗಳನ್ನು ಕನ್ನಡಕ್ಕೆ ತಂದು ಕಳುಹಿಸುತ್ತೇನೆ. ನೀವು ಉತ್ತರ ಬರೆಯಬೇಕು.

ಅಮ್ಮನಿಗೆ ನನ್ನ ನಮಸ್ಕಾರಗಳು.

ಇಂತಿ ನಿಮ್ಮ ಪ್ರೀತಿಯ ಮಗಳು